ಹೋಟೆಲಿನ ಕೊಲೆ, ಹವ್ಯಾಸಿ ಪತ್ತೇದಾರ ಮತ್ತು ತುಂಗಭದ್ರೆಯ ಎರಡು ದಂಡೆ

ಕಳೆದ ಶತಮಾನದ ನಡುಭಾಗದ ಒಂದು ಸಿರಿವಂತ ಹೋಟೆಲು, ಸಂಜೆ ಸಿಂಗರಿಸಿಕೊಂಡು ಊಟಕ್ಕಿಳಿಯುವ ಅತಿಥಿಗಳು, ಬೆಳಗಾಗುವಷ್ಟರಲ್ಲಿ ಯಾವುದೋ ಕೋಣೆಯಲ್ಲೊಂದು ಹೆಣ. ಪೊಲೀಸರು ತಪ್ಪು ಮನುಷ್ಯನನ್ನು ಹಿಡಿದು ಕೂರಿಸಿರುವಾಗ, ನಿಜವಾದ ಕೊಲೆಗಾರ ಯಾರೆಂದು ತೋರಿಸಿಕೊಡುವ, ರಜೆ ಕಳೆಯಲು ಬಂದ ಒಬ್ಬ ಸಾಧಾರಣ ಅತಿಥಿ. ಈ ಸಿದ್ಧ ಚೌಕಟ್ಟಿನ ಕಥೆಗಳು ಇಂಗ್ಲಿಷಿನಲ್ಲಿ ಮತ್ತೆ ಹೇರಳವಾಗಿ ಬರುತ್ತಿವೆ. ಪುಸ್ತಕವಾಗಿಯೂ ಓಟಿಟಿಯ ಸರಣಿಗಳಾಗಿಯೂ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳನ್ನು ತಲುಪುತ್ತಿವೆ. ಇಂಥದ್ದೊಂದು ಕಥೆ ನಮ್ಮ ಸೀಮೆಯಲ್ಲಿ ಏಕೆ ಹುಟ್ಟಲಿಲ್ಲ ಎಂದು ಕೇಳಿದರೆ, ಇಲ್ಲಿ ಅಂಥ ಹೋಟೆಲೇ ಇರಲಿಲ್ಲವಲ್ಲ ಎಂಬ ಉತ್ತರ ಕೂಡಲೇ ಬರುತ್ತದೆ. ಆ ಉತ್ತರ ಅರ್ಧ ಮಾತ್ರ ಸರಿ. ಈ ಬಗೆಯ ಕಥೆಗೆ ಗಾಜಿನ ದೀಪಗಳಿಗಿಂತ ಮುಖ್ಯವಾಗಿ ಬೇಕಾದದ್ದು ಎರಡು: ಒಬ್ಬರ ಪೂರ್ವಾಪರ ಇನ್ನೊಬ್ಬರಿಗೆ ತಿಳಿಯದ ಸಹವಾಸಿಗಳು ಮತ್ತು ಖಾಸಗಿ ವ್ಯಕ್ತಿಯೊಬ್ಬ ಒಳಗೆ ಕಾಲಿಡಲು ಜಾಗ ಬಿಡುವ ಪೊಲೀಸ್ ವ್ಯವಸ್ಥೆ. ಇವೆರಡೂ ಎಲ್ಲಿ, ಹೇಗೆ ಕೂಡಿ ಬಂದವು ಎಂಬುದೇ ಈ ಪ್ರಕಾರದ ಹಿನ್ನೆಲೆ.

ಹವ್ಯಾಸಿ ಪತ್ತೇದಾರ ಸರ್ಕಾರಿ ಪತ್ತೇದಾರನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಅಮೆರಿಕದ ಎಡ್ಗರ್ ಅಲನ್ ಪೋ ಬರೆದ, ಪ್ಯಾರಿಸಿನಲ್ಲಿ ಇಬ್ಬರು ಹೆಂಗಸರ ಕೊಲೆಯ ರಹಸ್ಯವನ್ನು ದ್ಯುಪಾಂ ಎಂಬ ನೌಕರಿಯಿಲ್ಲದ ಮೇಧಾವಿಯೊಬ್ಬ ಬಿಡಿಸುವ ಕಥೆ ಪ್ರಕಟವಾದದ್ದು 1841ರಲ್ಲಿ. ಲಂಡನ್ ಪೊಲೀಸರು ಪತ್ತೇದಾರರ ಪ್ರತ್ಯೇಕ ವಿಭಾಗವನ್ನು ತೆರೆದದ್ದು 1842ರಲ್ಲಿ. ಅಂದರೆ, ಸಾದಾ ಉಡುಪಿನ ಪೊಲೀಸ್ ಅಧಿಕಾರಿ ಹೇಗಿರುತ್ತಾನೆ ಎಂಬುದು ಜನರಿಗೆ ಸರಿಯಾಗಿ ಗೊತ್ತಾಗುವ ಮುಂಚೆಯೇ ಅವನನ್ನು ಮೀರಿಸುವ ಖಾಸಗಿ ಬುದ್ಧಿವಂತ ಕಥೆಯೊಳಗೆ ಬಂದು ಕುಳಿತಿದ್ದ. ಹೋಟೆಲು ಅವನಿಗೆ ಸಿಕ್ಕಿದ್ದು ಸುಮಾರು ಅರ್ಧ ಶತಮಾನದ ನಂತರ. ವಿದ್ಯುದ್ದೀಪ, ಲಿಫ್ಟುಗಳನ್ನು ಅಳವಡಿಸಿಕೊಂಡ ಲಂಡನ್ನಿನ ಸವಾಯ್ 1889ರಲ್ಲೂ ಪ್ಯಾರಿಸಿನ ರಿಟ್ಜ್ 1898ರಲ್ಲೂ ಬಾಗಿಲು ತೆರೆದವು. ಅಲ್ಲಿಯವರೆಗೆ ಶ್ರೀಮಂತರು ತಂಗುತ್ತಿದ್ದದ್ದು ಬಂಧುಗಳ ಹಾಗೂ ಪರಿಚಿತರ ಬಂಗಲೆಗಳಲ್ಲಿ. ಪರಿಚಯ ಪತ್ರವಿಲ್ಲದೆ ಅಲ್ಲಿ ಯಾರೂ ಒಳಗೆ ಬರುವಂತಿರಲಿಲ್ಲ. ಹೊಸ ಹೋಟೆಲಿನಲ್ಲಾದರೋ ಹಣ ಮತ್ತು ಉಡುಪು ಸರಿಯಿದ್ದರೆ ಸಾಕು, ಸರದಾರನ ಪಕ್ಕದ ಕೋಣೆಯಲ್ಲೇ ಸಟ್ಟಾ ವ್ಯಾಪಾರಿ ಮಲಗಬಹುದಾಗಿತ್ತು. ರಿಜಿಸ್ಟರಿನಲ್ಲಿ ಬರೆದ ಹೆಸರೇ ಅವನ ಹೆಸರು. ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇರೆ ಬೇಕಿರಲಿಲ್ಲ.

ಮೊದಲ ಮಹಾಯುದ್ಧದ ನಂತರ ಈ ಕಥೆಗಳು ಆಟದಂತೆ ನಿಯಮಗಳನ್ನೂ ಮಾಡಿಕೊಂಡವು. 1928ರಲ್ಲಿ ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ ಇಪ್ಪತ್ತು ನಿಯಮಗಳನ್ನೂ, ಮರುವರ್ಷ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಹತ್ತು ನಿಯಮಗಳನ್ನೂ ಬರೆದರು. ಸುಳಿವುಗಳೆಲ್ಲ ಓದುಗನ ಕಣ್ಣಿಗೂ ಬೀಳಬೇಕು, ದೈವಿಕ ಪವಾಡ ಕೂಡದು ಎಂಬಂಥ ನ್ಯಾಯವಾದ ಕಟ್ಟಳೆಗಳ ನಡುವೆ ವ್ಯಾನ್ ಡೈನರ ಒಂದು ನಿಯಮ ಮಾತ್ರ ಇಂದು ಓದಿದರೆ ಕಚಗುಳಿ ಇಡುತ್ತದೆ: ಮನೆಯಾಳನ್ನು ಕೊಲೆಗಾರನನ್ನಾಗಿ ಮಾಡಬಾರದು. ಆಳಿನ ಮೇಲಿನ ಗೌರವದಿಂದ ಹುಟ್ಟಿದ ನಿಯಮವಲ್ಲ ಅದು. ಅಪರಾಧಿ ಅನುಮಾನಕ್ಕೆ ಯೋಗ್ಯನಾದ ಮನುಷ್ಯನಾಗಿರಬೇಕು, ಆಳಿನ ಮೇಲೆ ಹೊರಿಸಿದರೆ ಉತ್ತರ ತೀರ ಸುಲಭವಾಗಿಬಿಡುತ್ತದೆ ಎಂಬುದು ಅದರ ತರ್ಕ. ಕಾಫಿ ತಂದಿಟ್ಟವನು, ಹಾಸಿಗೆ ಸರಿಪಡಿಸಿದವಳು ಕಥೆಯಲ್ಲಿ ಇರುತ್ತಾರೆ, ಏನನ್ನೋ ಕಂಡಿರುತ್ತಾರೆ, ಹಲವು ಬಾರಿ ಎರಡನೆಯ ಹೆಣವೂ ಆಗುತ್ತಾರೆ; ಆದರೆ ಬುದ್ಧಿಯ ಆಟ ಮೇಜಿನ ಸುತ್ತ ಕೂತವರ ನಡುವೆಯೇ ನಡೆಯುತ್ತದೆ.

ಅಗಾಥಾ ಕ್ರಿಸ್ಟಿಯವರ ಹಳ್ಳಿಯ ವೃದ್ಧೆ ಮಿಸ್ ಮಾರ್ಪಲ್ ಮೊದಲು ಕಾಣಿಸಿಕೊಂಡದ್ದು 1927ರ ಒಂದು ಸಣ್ಣ ಕಥೆಯಲ್ಲಿ. ಉಲ್ಲನ್ ಹೆಣೆಯುತ್ತ ಮೂಲೆಯಲ್ಲಿ ಕೂತ ಮುದುಕಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯದಿರುವುದೇ ಅವಳ ಅಸ್ತ್ರ. ಇದೇ ಕ್ರಿಸ್ಟಿ 1965ರಲ್ಲಿ ಅವಳನ್ನು ಲಂಡನ್ನಿನ ಒಂದು ಹಳೆಯ ಹೋಟೆಲಿಗೆ ಕಳಿಸಿ, ಕಾಲವೇ ಮುಟ್ಟದಂತೆ ಉಳಿದಿರುವ ಅಲ್ಲಿನ ವೈಭವವೇ ಅಪರಾಧದ ಮುಖವಾಡವೆಂದು ತೋರಿಸಿದರು. ಇಂದಿನ ಲೇಖಕರು ಹಂಬಲದಿಂದ ನೋಡುವ ಆ ನಡುಶತಮಾನದ ಹೊತ್ತಿಗಾಗಲೇ ಹೋಟೆಲಿನ ಠೀವಿ ಒಂದು ನಾಟಕದ ಪರದೆಯಾಗಿತ್ತು.

ಭಾರತದಲ್ಲಿ ಇಂಥ ಪ್ರಕರಣ ನಡೆದದ್ದೇ ಇಲ್ಲವೆಂದಲ್ಲ. ಮಸ್ಸೂರಿಯ ಸವಾಯ್ ಹೋಟೆಲಿನಲ್ಲಿ 1911ರಲ್ಲಿ ಪ್ರೇತವಿದ್ಯೆಯಲ್ಲಿ ಆಸಕ್ತಿಯಿದ್ದ ಆಂಗ್ಲ ಮಹಿಳೆಯೊಬ್ಬಳು ವಿಷದಿಂದ ಸತ್ತಳು. ಅವಳ ಗೆಳತಿಯ ಮೇಲೆ ಮೊಕದ್ದಮೆ ನಡೆದು, ಅವಳು ಬಿಡುಗಡೆಯಾದಳು. ಪ್ರಕರಣ ಬಗೆಹರಿಯಲೇ ಇಲ್ಲ. ಮೊಗಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಸತ್ಯ ಬಿಡಿಸಿ ಹೇಳಲು ಯಾವ ಅತಿಥಿಯೂ ಎದ್ದು ನಿಲ್ಲಲಿಲ್ಲ.

ನಮ್ಮ ಸೀಮೆಗೆ ಬಂದರೆ, 1950ರ ಸುಮಾರಿನ ಪ್ರಯಾಣಿಕ ರಾತ್ರಿ ಕಳೆಯುತ್ತಿದ್ದದ್ದು ಛತ್ರದಲ್ಲಿ, ಧರ್ಮಶಾಲೆಯಲ್ಲಿ, ಮುಸಾಫಿರಖಾನೆಯಲ್ಲಿ, ಮಠದ ಪಡಸಾಲೆಯಲ್ಲಿ. ಅಧಿಕಾರಿಯಾದರೆ ಪ್ರವಾಸಿ ಬಂಗಲೆಯಲ್ಲಿ. ಬೊಂಬಾಯಿಯಿಂದ ಬಂದ ರೈಲುಹಳಿ ಮದ್ರಾಸಿನ ಹಳಿಯನ್ನು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ ಆದುದರಿಂದ ದೂರದೂರಿನ ಜನರ ಸಂಚಾರಕ್ಕೆ ಇಲ್ಲಿ ಕೊರತೆ ಇರಲಿಲ್ಲ. ಆದರೆ ಛತ್ರದಲ್ಲಿ ಗಂಟು ಇಳಿಸುವ ಮುಂಚೆಯೇ ಯಾವೂರು, ಯಾರ ಪೈಕಿ, ಏನು ಕೆಲಸ ಎಂಬ ವಿಚಾರಣೆ ಮುಗಿದಿರುತ್ತಿತ್ತು. ಹೋಟೆಲಿನ ರಿಜಿಸ್ಟರು ಮುಚ್ಚಿಡುವುದನ್ನು ಛತ್ರದ ಪಡಸಾಲೆ ಅರ್ಧ ಗಂಟೆಯಲ್ಲಿ ಬಯಲಿಗೆಳೆಯುತ್ತಿತ್ತು. ಜಾತಿ ಕೇಳಿ ಜಾಗ ತೋರಿಸುವ ಆ ಪದ್ಧತಿಯನ್ನು ಹೊಗಳಲು ಏನೂ ಇಲ್ಲ. ಆದರೆ ಅಪರಿಚಿತನಾಗಿ ಉಳಿಯುವುದು ಅಲ್ಲಿ ಕಷ್ಟವಿತ್ತು ಎಂಬುದು ನಿಜ.

ಹಾಗಾಗಿ ದಾರಿಹೋಕರ ಮೇಲಿನ ಅಪರಾಧ ಬೇರೆ ರೂಪ ತಳೆದಿತ್ತು. ಉಮ್ಮತ್ತಿ ಬೀಜದ ಪುಡಿಯನ್ನು ಊಟದಲ್ಲಿ ಬೆರೆಸಿ, ಉಂಡವರು ಎಚ್ಚರ ತಪ್ಪಿದಾಗ ಗಂಟು ದೋಚುವ ತಂತ್ರ ಬ್ರಿಟಿಷ್ ಭಾರತದ ಉದ್ದಗಲಕ್ಕೂ ಹೆಸರುವಾಸಿಯಾಗಿತ್ತು. ಸಹಪ್ರಯಾಣಿಕನಂತೆ ಸ್ನೇಹ ಬೆಳೆಸಿ, ರೊಟ್ಟಿಯನ್ನೋ ಸಿಹಿಯನ್ನೋ ಹಂಚಿಕೊಂಡವನೇ ಇಲ್ಲಿ ಅಪರಾಧಿ. ಉಂಡವನ ಬಾಯಿ ಒಣಗಿ, ಕಣ್ಣಿನ ಪಾಪೆ ಅರಳಿ, ಅವನು ಬಡಬಡಿಸುತ್ತ ಗಾಳಿಯಲ್ಲಿ ಇಲ್ಲದ ದಾರ ಎಳೆಯತೊಡಗುತ್ತಾನೆ. ಹಲವರು ಬದುಕಿ ಉಳಿಯುತ್ತಿದ್ದರು, ಆದರೆ ನಡೆದದ್ದನ್ನು ಹೇಳಲಾರದವರಾಗಿ. ಈ ಬೀಜ ಮೇಲುನೋಟಕ್ಕೆ ಮೆಣಸಿನಕಾಯಿ ಬೀಜದಂತೆಯೇ ಕಾಣುವುದರಿಂದ ವೈದ್ಯಕೀಯ ನ್ಯಾಯಶಾಸ್ತ್ರದ ಪಠ್ಯಗಳು ಇಂದಿಗೂ ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಬರೆಯುತ್ತವೆ. ಉಮ್ಮತ್ತಿಯದು ಕಂದುಬಣ್ಣ, ಸ್ವಲ್ಪ ದಪ್ಪ, ರುಚಿ ಕಹಿ. ಮೆಣಸಿನಕಾಯಿಯದು ತೆಳುಹಳದಿ, ಚಪ್ಪಟೆ, ರುಚಿ ಖಾರ. ಸೀಳಿ ನೋಡಿದರೆ ಒಳಗಿನ ಎಳೆಮೊಳಕೆ ಒಂದರಲ್ಲಿ ಹೊರಕ್ಕೆ ಬಾಗಿದ್ದರೆ ಇನ್ನೊಂದರಲ್ಲಿ ಒಳಕ್ಕೆ ಸುತ್ತಿಕೊಂಡಿರುತ್ತದೆ. ಶವದ ಕರುಳಿನ ಮಾದರಿಯನ್ನು ಜಾಡಿಯಲ್ಲಿಟ್ಟು, 1849ರಲ್ಲೇ ಮದ್ರಾಸಿನಲ್ಲಿ ಆರಂಭವಾಗಿದ್ದ ರಸಾಯನ ಪರೀಕ್ಷಕರ ಕಚೇರಿಗೆ ಬಳ್ಳಾರಿಯಿಂದ ಕಳಿಸಿ ಉತ್ತರಕ್ಕೆ ಕಾಯುವ ಹೊತ್ತಿಗೆ, ಒರಳಿನ ಅಂಚಿನಲ್ಲಿ ಉಳಿದ ಒಂದೆರಡು ಬೀಜಗಳನ್ನು ಬೆರಳ ತುದಿಯಲ್ಲಿ ಎತ್ತಿ ಇದು ಮೆಣಸಿನಕಾಯಿಯದಲ್ಲ ಎಂದು ಹೇಳಬಲ್ಲವಳು, ವರ್ಷಗಟ್ಟಲೆ ತೊಟ್ಟು ಬಿಡಿಸಿದ ಅಡುಗೆಯಾಕೆ. ವ್ಯಾನ್ ಡೈನರ ನಿಯಮಾವಳಿ ಮೇಜಿನಿಂದ ದೂರ ಇಟ್ಟ ಆಳುಗಳಲ್ಲೊಬ್ಬಳು ಇವಳು.

ಇನ್ನು ಸಿರಿವಂತ ಹೋಟೆಲಿಗೆ ತೀರ ಹತ್ತಿರದ ಸ್ಥಳವೊಂದು ನಮ್ಮಲ್ಲಿ ಇದ್ದದ್ದೇ ಆದರೆ ಅದು ತುಂಗಭದ್ರಾ ಅಣೆಕಟ್ಟಿನ ಸುತ್ತಿನ ಬಂಗಲೆಗಳು. 1945ರ ಫೆಬ್ರವರಿ 28ರಂದು ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್, ಎಡದಂಡೆಯಲ್ಲಿ ನಿಜಾಮರ ಮಗನಾದ ಬೇರಾರಿನ ರಾಜಕುಮಾರ ಹೀಗೆ ಒಂದೇ ಅಣೆಕಟ್ಟಿಗೆ ಎರಡು ಶಂಕುಸ್ಥಾಪನೆ ನಡೆಯಿತು. ಹೊಸಪೇಟೆಯ ದಂಡೆ ಆಗ ಬಳ್ಳಾರಿ ಜಿಲ್ಲೆಗೆ ಸೇರಿ ಮದ್ರಾಸಿನದು. ಮುನಿರಾಬಾದಿನ ದಂಡೆ ರಾಯಚೂರು ಜಿಲ್ಲೆಗೆ ಸೇರಿ ಹೈದರಾಬಾದಿನದು. ಎಂಜಿನಿಯರುಗಳು, ಗುತ್ತಿಗೆದಾರರು, ಮದ್ರಾಸಿನ ಮತ್ತು ಹೈದರಾಬಾದಿನ ಅಧಿಕಾರಿಗಳು, ಅವರ ಕುಟುಂಬಗಳು ಒಂದೇ ಕಾಮಗಾರಿಯ ನೆರಳಲ್ಲಿ ವರ್ಷಗಟ್ಟಲೆ ಸೇರಿದ್ದ ಆ ಕಾಲವನ್ನು ಪತ್ತೇದಾರಿ ಬರಹಗಾರರು ಇನ್ನಷ್ಟು ಬಳಸಿಕೊಳ್ಳದಿದ್ದದ್ದು ನನಗೆ ನಷ್ಟವೆಂದೇ ತೋರುತ್ತದೆ.

1949ರ ಆಗಸ್ಟಿನಲ್ಲಿ ಹೊಸಪೇಟೆ ದಂಡೆಯ ಬಂಗಲೆಯೊಂದರಲ್ಲಿ ಗುತ್ತಿಗೆದಾರನೊಬ್ಬ ಸತ್ತುಬಿದ್ದಿದ್ದಾನೆಂದು ಕಲ್ಪಿಸಿಕೊಳ್ಳೋಣ. ಮೇಜಿನ ಮೇಲೆ ಅರ್ಧ ಖಾಲಿಯಾದ ವಿಸ್ಕಿ ಬಾಟಲಿ ಇದೆ. ಹಿಂದಿನ ವರ್ಷದ ಅಕ್ಟೋಬರ್ 2ರಿಂದ ಇಡೀ ಮದ್ರಾಸ್ ಪ್ರಾಂತದಲ್ಲಿ ಪಾನನಿಷೇಧ ಜಾರಿಯಲ್ಲಿತ್ತಾದ್ದರಿಂದ, ಅಬಕಾರಿ ಆದಾಯ ಬಿಟ್ಟುಕೊಡದ ಎಡದಂಡೆಯಿಂದ ಯಾರೋ ಅದನ್ನು ನದಿ ದಾಟಿಸಿ ತಂದಿರಬೇಕು. ಸತ್ತವನ ಕೋಟಿನ ಜೇಬಿನಲ್ಲಿ ಎರಡು ಬಗೆಯ ರೂಪಾಯಿ: ಒಂದು ಭಾರತ ಸರ್ಕಾರದ ರೂಪಾಯಿಯಾದ ಕಲ್ದಾರ್, ಇನ್ನೊಂದು ನಿಜಾಮರ ಹಾಲಿ ಸಿಕ್ಕಾ. ಏಳು ಹಾಲಿ ಆರು ಕಲ್ದಾರಿಗೆ ಸಮ. ಕೂಲಿ ಪಟ್ಟಿಯಲ್ಲಿ ಹಾಲಿ ಕೊಟ್ಟು ಕಲ್ದಾರ್ ಎಂದು ಬರೆದುಕೊಂಡರೆ ಪ್ರತಿ ಏಳು ರೂಪಾಯಿಗೆ ಒಂದು ಗುತ್ತಿಗೆದಾರನ ಪಾಲು. ರಸೀದಿಗಳಲ್ಲಿ ಹಳೆಯ ರೂಢಿ ಬಿಡದ ಗುಮಾಸ್ತ ಹಾಕಿದ ಫಸಲಿ ವರ್ಷ, ಅಂದರೆ ಕಂದಾಯ ಲೆಕ್ಕದ ವರ್ಷ, 1359 ಎಂದಿದ್ದರೆ ಅದು ಮದ್ರಾಸ್ ಕಂದಾಯ ಲೆಕ್ಕದಲ್ಲಿ ಪಳಗಿದ ಕೈ. 1358 ಎಂದಿದ್ದರೆ ನಿಜಾಮರ ದಫ್ತರಿನ ಕೈ. ಮದ್ರಾಸಿನಲ್ಲಿ ಫಸಲಿ ಜುಲೈಗೆ ಬದಲಾದರೆ ಹೈದರಾಬಾದಿನಲ್ಲಿ ಬದಲಾಗುತ್ತಿದ್ದದ್ದು ಅಕ್ಟೋಬರಿನಲ್ಲಿ, ಆಜರ್ ಮಾಸದೊಂದಿಗೆ. ಕೊಲೆಗಾರ ನದಿ ದಾಟಿ ಮುನಿರಾಬಾದಿಗೆ ಹೋಗಿಬಿಟ್ಟರೆ ದಂಡಸಂಹಿತೆಯೇ ಬೇರೆ, ಏಕೆಂದರೆ ಭಾರತ ದಂಡ ಸಂಹಿತೆ ಹೈದರಾಬಾದ್ ರಾಜ್ಯಕ್ಕೆ ಅನ್ವಯವಾದದ್ದು 1951ರ ಏಪ್ರಿಲ್ 1ರಿಂದ. ಬಾಟಲಿ, ನಾಣ್ಯ, ತಾರೀಖು, ಈ ಮೂರನ್ನೂ ಓದಲು ಮದ್ರಾಸಿನಿಂದ ಬಂದ ಇನ್ಸ್‌ಪೆಕ್ಟರಿಗಿಂತ ಎರಡೂ ದಂಡೆಯ ಸಂತೆ ಮಾಡಿದ ಸ್ಥಳೀಯ ಕಿರಾಣಿ ವ್ಯಾಪಾರಿಯೇ ಸಮರ್ಥ.

ಕನ್ನಡದ ಪತ್ತೇದಾರಿ ಕಾದಂಬರಿ ಜನಪ್ರಿಯವಾದದ್ದು ಸರಿಸುಮಾರು ಇದೇ ಹೊತ್ತಿನಲ್ಲಿ. ನಾಲ್ಕನೆಯ ತರಗತಿಯವರೆಗೆ ಓದಿ, ಬೆಂಗಳೂರಿನಲ್ಲಿ ಬಸ್ ಕಂಡಕ್ಟರೂ ಆಗಿದ್ದ ಎನ್. ನರಸಿಂಹಯ್ಯನವರು ಐನೂರರಷ್ಟು ಕಾದಂಬರಿಗಳನ್ನು ಬರೆದು ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯರನ್ನು ಮನೆಮಾತಾಗಿಸಿದರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಈ ನಾಯಕರಿಗೆ ಪತ್ತೇದಾರಿಕೆ ಬಿಡುವಿನ ಹವ್ಯಾಸವಲ್ಲ, ಅದೇ ಕಸುಬು. ಪೊಲೀಸರೊಂದಿಗೆ ಅವರಿಗೆ ಸಲಿಗೆಯಿದೆ, ಠಾಣೆಯ ಬಾಗಿಲು ಅವರಿಗೆ ತೆರೆದಿದೆ. ಇದಕ್ಕೆ ಕಾರಣ ಓದುಗರ ಅನುಭವವೇ ಎಂದು ನನ್ನ ಊಹೆ. ಹೆಣ ಬಿದ್ದ ಕೋಣೆಯ ಬಾಗಿಲಲ್ಲಿ ನಿಂತ ದಫೇದಾರ ದಾರಿಹೋಕನೊಬ್ಬನನ್ನು ಒಳಗೆ ಬಿಟ್ಟು, ಅವನ ತರ್ಕವನ್ನು ಕೈಕಟ್ಟಿ ಕೇಳುತ್ತಾನೆಂದರೆ ಇಲ್ಲಿ ಯಾರೂ ನಂಬುತ್ತಿರಲಿಲ್ಲ. ವಾದ ಮಂಡಿಸಿ ಸತ್ಯ ಬಿಡಿಸುವ ರೋಮಾಂಚನ ಬೇಕಿದ್ದರೆ ಕೋರ್ಟು ಇತ್ತು. ಬಳ್ಳಾರಿಯಲ್ಲಂತೂ ರಂಗದ ಮೇಲೆ ಹೆಸರು ಮಾಡಿದ ಬಳ್ಳಾರಿ ರಾಘವ ಅವರೇ ವಕೀಲರಾಗಿ ನ್ಯಾಯಾಲಯದಲ್ಲೂ ನಿಲ್ಲುತ್ತಿದ್ದರು.

ಆದರೂ ಕಾನೂನು ಸಾಮಾನ್ಯ ಮನುಷ್ಯನನ್ನು ಪೂರ್ತಿ ಹೊರಗಿಟ್ಟಿರಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನ ಪ್ರಕಾರ ಅನುಮಾನಾಸ್ಪದ ಸಾವಿನ ಸ್ಥಳಕ್ಕೆ ಹೋದ ಪೊಲೀಸ್ ಅಧಿಕಾರಿ, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥ ನಿವಾಸಿಗಳ ಸಮಕ್ಷಮ ಹೆಣವನ್ನು ನೋಡಿ, ಗಾಯಗಳನ್ನೂ ಅವು ಯಾವ ಆಯುಧದಿಂದ ಆದಂತಿವೆ ಎಂಬುದನ್ನೂ ವರದಿಯಲ್ಲಿ ಬರೆಯಬೇಕು. ನಮ್ಮವರು ಪಂಚನಾಮೆ, ಮಹಜರು ಎನ್ನುವುದು ಇದನ್ನೇ. ಪಂಚನಾದವನು ಕೊಲೆಯ ಕೋಣೆಯೊಳಗೆ ಕಾನೂನುಬದ್ಧವಾಗಿ ನಿಂತ ಹೊರಗಿನವನು. ಕಥೆಯ ಹವ್ಯಾಸಿಗೆ ಲೇಖಕ ಕೊಡುವ ಸ್ಥಾನ ಇವನಿಗೆ ಸರ್ಕಾರವೇ ಕೊಟ್ಟಿತ್ತು. ಕೊಡದೆ ಹೋದದ್ದು ಮಾತನ್ನು. ಅವನು ನೋಡಬೇಕು, ಸಹಿ ಹಾಕಬೇಕು, ಮುಂದೊಂದು ದಿನ ಸಮನ್ಸ್ ಬಂದಾಗ ಕಟಕಟೆ ಹತ್ತಿ ಸಹಿ ತನ್ನದೇ ಎನ್ನಬೇಕು. ಕೋಣೆಯ ಕಿಟಕಿಯ ಚಿಲಕ ಒಳಗಿನಿಂದ ಹಾಕಿತ್ತಲ್ಲ ಎಂದು ಅವನಿಗೆ ಹೊಳೆದರೆ ಅದನ್ನು ಬರೆದುಕೊಳ್ಳುವುದು ಬಿಡುವುದು ಅಧಿಕಾರಿಯ ಮರ್ಜಿ.

ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲೂ ಆ ನೆರೆಹೊರೆಯ ನಿವಾಸಿಗಳು ಹಾಗೆಯೇ ಉಳಿದಿದ್ದಾರೆ; ಜೊತೆಗೆ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎಂಬ ಹೊಸ ಕಟ್ಟಳೆಗಳು ಸೇರಿವೆ. ಖಾಸಗಿ ಪತ್ತೇದಾರಿ ಸಂಸ್ಥೆಗಳಿಗೆ ಪರವಾನಗಿ ವಿಧಿಸಲು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲಿಲ್ಲವಾದ್ದರಿಂದ ಕಸುಬಿನ ಪತ್ತೇದಾರನಿಗೂ ಹವ್ಯಾಸಿಗೂ ತನಿಖೆಯ ಅಧಿಕಾರದಲ್ಲಿ ಹೆಚ್ಚು ಅಂತರವಿಲ್ಲ. ಇಬ್ಬರಿಗೂ ಅದು ಇಲ್ಲ. ಇಂದು ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಕೋಣೆಯೊಂದರಲ್ಲಿ ಹೆಣ ಸಿಕ್ಕರೆ ಪಂಚರಾಗಿ ನಿಲ್ಲಬೇಕಾದವರು ಎದುರಿನ ಪಾನ್ ಅಂಗಡಿಯವನೋ ಪಕ್ಕದ ಝೆರಾಕ್ಸ್ ಅಂಗಡಿಯವನೋ ಆಗಿರುತ್ತಾರೆ. ವರ್ಷಗಳ ನಂತರ ಕೋರ್ಟಿಗೆ ಅಲೆಯಬೇಕಾದೀತೆಂಬ ಭಯಕ್ಕೆ ಅವರು ಷಟರ್ ಎಳೆದು ಮನೆಗೆ ಹೋಗಿಬಿಡುವುದೂ, ಸಹಿ ಹಾಕಿದವರು ಕಟಕಟೆಯಲ್ಲಿ ತಾವೇನೂ ನೋಡಲಿಲ್ಲವೆಂದು ಪ್ರತಿಕೂಲ ಸಾಕ್ಷಿಗಳಾಗುವುದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಾಗಿ ಹಲವು ಪ್ರಕರಣಗಳಲ್ಲಿ ಪೊಲೀಸರು ನೆರೆಹೊರೆಯವರನ್ನು ಬಿಟ್ಟು ಸರ್ಕಾರಿ ನೌಕರರನ್ನೇ ಕರೆತಂದು ಪಂಚರ ಜಾಗದಲ್ಲಿ ನಿಲ್ಲಿಸುತ್ತಾರೆ.