ಕರೆಂಟು ಹೋದಾಗ ಚಲೋ ಕೇಳುವ ರೇಡಿಯೊ

"ಕರೆಂಟ್ ಹೋತಂದ್ರ ರೇಡಿಯೊ ಚಲೋ ಕೇಳ್ತೈತಿ ನೋಡು" ಎಂದು ಅವ್ವ ಹೇಳಿದಾಗ ನಾನು ನಕ್ಕಿದ್ದೆ. ಸೆಲ್ಲು ಹಾಕಿದ ರೇಡಿಯೊಗೂ ಮನೆಯ ಕರೆಂಟಿಗೂ ಏನು ಸಂಬಂಧ? ಒಂದು ಸಂಜೆ ಅವಳ ಪಕ್ಕ ಕೂತು ನೋಡಿದೆ. ಧಾರವಾಡ ಆಕಾಶವಾಣಿ, 765 ಕಿಲೊಹರ್ಟ್ಸ್. ಗೊರ್ ಅನ್ನುವ ಸದ್ದಿನ ಅಡಿಯಲ್ಲಿ ಯಾರೋ ಮಾತಾಡುತ್ತಿದ್ದರು. ಟಪ್ ಅಂತ ಕರೆಂಟು ಹೋಯಿತು. ಗೊರಗೊರವೂ ನಿಂತಿತು. ಗೋವಿನಜೋಳಕ್ಕೆ ಬೀಳುವ ಹುಳದ ಬಗ್ಗೆ ಹೇಳುತ್ತಿದ್ದವರ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿತು.

ಧಾರವಾಡದ ಹಾಗೆ ಮೀಡಿಯಂ ವೇವ್‌ನಲ್ಲಿ ಬರುವ ಎಎಂ ರೇಡಿಯೊ ಯಾಕೆ ಸರಿಯಾಗಿ ಕೇಳುವುದಿಲ್ಲ ಅಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಟ್ರಾನ್ಸ್‌ಮಿಟರ್ ಹಳೆಯದು, ಪವರ್ ಕಡಿಮೆ ಮಾಡಿದ್ದಾರೆ, ಈಗಿನ ಸೆಟ್ಟುಗಳೇ ಸರಿಯಿಲ್ಲ, ಕಾಲವೇ ಮುಗಿಯಿತು. ಒಂದೊಂದರಲ್ಲೂ ಸ್ವಲ್ಪ ನಿಜ ಇರಬಹುದು. ಆದರೆ ಕರೆಂಟು ಹೋದ ಆ ಕ್ಷಣದಲ್ಲಿ ಧಾರವಾಡದ ಟ್ರಾನ್ಸ್‌ಮಿಟರ್ ಬದಲಾಗಿರಲಿಲ್ಲ, ಅವ್ವನ ರೇಡಿಯೊ ಕೂಡ ಬದಲಾಗಿರಲಿಲ್ಲ. ನಡುವೆ ಇದ್ದದ್ದು ನಮ್ಮ ಮನೆ.

ಎಎಂನಲ್ಲಿ ದನಿಗೆ ತಕ್ಕಂತೆ ಅಲೆಯ ಎತ್ತರ ಏರಿಳಿಯುತ್ತದೆ. ರೇಡಿಯೊ ಆ ಏರಿಳಿತವನ್ನೇ ಮತ್ತೆ ದನಿ ಮಾಡುತ್ತದೆ. ತೊಂದರೆ ಏನೆಂದರೆ ಸಿಡಿಲು ಹೊಡೆದರೂ, ಸ್ವಿಚ್ಚಿನಲ್ಲಿ ಕಿಡಿ ಹಾರಿದರೂ ಅದೂ ಏರಿಳಿತವಾಗಿಯೇ ಬರುತ್ತದೆ. ಹಾಡುವವರ ದನಿ ಯಾವುದು, ಮಿಕ್ಸಿಯ ಕಿಡಿ ಯಾವುದು ಅಂತ ಸೆಟ್ಟಿಗೆ ಗೊತ್ತಾಗುವುದಿಲ್ಲ. ಇದರಿಂದ ಬೇಸತ್ತೇ ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1930ರ ದಶಕದಲ್ಲಿ ಎಫ್‌ಎಂ ಕಟ್ಟಿದರು. ಅದರಲ್ಲಿ ಎತ್ತರಕ್ಕೆ ಬೆಲೆ ಇಲ್ಲ, ಹಾಗಾಗಿ ಗದ್ದಲವನ್ನು ಕತ್ತರಿಸಿ ಎಸೆಯಬಹುದು. ಆದರೆ ಎಫ್‌ಎಂ ಗುಡ್ಡ ದಾಟುವುದಕ್ಕೇ ಒದ್ದಾಡುತ್ತದೆ. ಮೀಡಿಯಂ ವೇವ್ ನೆಲ ಹಿಡಿದು ಹರಿಯುತ್ತದೆ. ಒಂದೇ ಟವರಿನಿಂದ ಹಗಲಲ್ಲೇ ನಾಲ್ಕೈದು ಜಿಲ್ಲೆಗೆ ಮಾತು ಮುಟ್ಟಿಸಬೇಕಾದರೆ ಅದೇ ಬೇಕಿತ್ತು.

1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದಾಗ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, ಆಮೇಲೆ ಭದ್ರಾವತಿ, ಕಲಬುರಗಿ, ಮಂಗಳೂರು ಬಂದವು. ಬೆಂಗಳೂರು ಮತ್ತು ಧಾರವಾಡದ ಟ್ರಾನ್ಸ್‌ಮಿಟರ್‌ಗಳು 200 ಕಿಲೊವ್ಯಾಟ್‌ವರೆಗೆ ಬೆಳೆದವು.

ಇಷ್ಟು ಶಕ್ತಿಯನ್ನು ಗಾಳಿಗೆ ಬಿಡುವ ಆಂಟೆನಾ ಸಣ್ಣ ವಿಷಯವಲ್ಲ. 765 ಕಿಲೊಹರ್ಟ್ಸ್‌ನ ಒಂದು ಅಲೆ ಸುಮಾರು 392 ಮೀಟರ್ ಉದ್ದ. ಆಂಟೆನಾ ಅದರ ಕಾಲು ಭಾಗವಾದರೂ ಇದ್ದರೆ ಒಳ್ಳೆಯದು, ಅಂದರೆ 98 ಮೀಟರ್. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್‌ಗೆ 120 ಮೀಟರ್ ದಾಟುತ್ತದೆ. ಎಫ್‌ಎಂಗಾದರೆ ಅದೇ ಲೆಕ್ಕದಲ್ಲಿ ಮುಕ್ಕಾಲು ಮೀಟರ್ ಸಾಕು! ಟವರ್ ಗಿಡ್ಡ ಮಾಡಿದರೆ ನೆತ್ತಿಗೆ ತಂತಿಯ ಕೊಡೆ ಕಟ್ಟಬೇಕು, ಬುಡದಲ್ಲಿ ದೊಡ್ಡ ಕಾಯಿಲ್ ಕೂರಿಸಬೇಕು. ಶಕ್ತಿಯ ಒಂದು ಪಾಲು ಆ ಕಾಯಿಲ್ ಬಿಸಿಯಾಗುವುದಕ್ಕೇ ಹೋಗುತ್ತದೆ, ದನಿಯೂ ಮಂಕಾಗುತ್ತದೆ.

ಎಎಂನಲ್ಲಿ ಟವರ್ ಆಂಟೆನಾದ ಅರ್ಧ ಮಾತ್ರ. ಇನ್ನರ್ಧ ನೆಲದೊಳಗಿದೆ. ಬುಡದಿಂದ ಸುತ್ತಲೂ, ಗಾಡಿಚಕ್ರದ ಅರಗಳ ಹಾಗೆ, ತಾಮ್ರದ ತಂತಿ ಹೂಳುತ್ತಾರೆ. 1930ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳ ಬಳಿಕ 120 ತಂತಿ ಎಂಬ ಲೆಕ್ಕ ನೆಲೆಯಾಯಿತು. 98 ಮೀಟರಿನ 120 ತಂತಿ ಅಂದರೆ ಹೆಚ್ಚುಕಡಿಮೆ 12 ಕಿಲೊಮೀಟರ್ ತಾಮ್ರ, ಏಳೂವರೆ ಎಕರೆ ನೆಲ. ತಾಮ್ರದ ರೇಟು ಏರಿದಷ್ಟೂ ಕಳ್ಳರ ಕಣ್ಣು ಜಾಸ್ತಿ. ತಂತಿ ಹೋದರೆ ಅಥವಾ ಸವೆದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಟವರ್ ನಿಂತೇ ಇರುತ್ತದೆ, ದೀಪ ಉರಿಯುತ್ತಲೇ ಇರುತ್ತದೆ, ದೂರದ ಹಳ್ಳಿಯಲ್ಲಿ ದನಿ ಮಾತ್ರ ಸಣ್ಣದಾಗುತ್ತದೆ.

ಊರಾಚೆ ಬಯಲು ಹುಡುಕಿ ಟವರ್ ನಿಲ್ಲಿಸಿದ್ದು ಇದಕ್ಕೇ. ಎಷ್ಟೋ ಕಡೆ ಈಗ ಆ ಬಯಲಿನ ಬೇಲಿವರೆಗೂ ಊರು ಬಂದಿದೆ. ಕಬ್ಬಿಣ ತುಂಬಿದ ಎತ್ತರದ ಕಟ್ಟಡಗಳು ಅಲೆಯ ದಾರಿ ಕೆಡಿಸುತ್ತವೆ. ದೊಡ್ಡ ಟವರಿನ ಹತ್ತಿರ ಕ್ರೇನ್ ನಿಲ್ಲಿಸಿದರೆ ಅದೇ ಆಂಟೆನಾ ಆಗಿ, ಕೊಕ್ಕೆ ಮುಟ್ಟಿದವರ ಕೈ ಸುಡುವುದೂ ಉಂಟು.

ಇದು ಕಳಿಸುವ ಕಡೆಯ ಕಥೆ. ನನಗೆ ಹೆಚ್ಚು ಗೊತ್ತಿರುವುದು ಕೇಳುವ ಕಡೆಯದು.

ವಾಲ್ವ್ ರೇಡಿಯೊ ಕಾಲದಲ್ಲಿ ಹೊರಗೆ ಎತ್ತರಕ್ಕೆ ಏರಿಯಲ್ ತಂತಿ ಕಟ್ಟುತ್ತಿದ್ದರು, ಅರ್ಥಿಂಗ್ ಕೊಡುತ್ತಿದ್ದರು. ಟ್ರಾನ್ಸಿಸ್ಟರ್ ಬಂದ ಮೇಲೆ ಆಂಟೆನಾ ಸೆಟ್ಟಿನೊಳಗೇ ಹೋಯಿತು. ಫೆರೈಟ್ ಎಂಬ ಕಬ್ಬಿಣದಂಶದ ಕಪ್ಪು ವಸ್ತುವಿನ ಬೆರಳುದ್ದದ ಕಡ್ಡಿ, ಅದಕ್ಕೆ ಸುತ್ತಿದ ತಂತಿ, ಅಷ್ಟೇ. ಹೊಲಕ್ಕೆ ಒಯ್ಯಬಹುದು, ದಿಂಬಿನ ಪಕ್ಕ ಇಟ್ಟುಕೊಳ್ಳಬಹುದು. ಆದರೆ ಏರಿಯಲ್ ಇದ್ದದ್ದು ಮನೆಯ ಗದ್ದಲದಿಂದ ದೂರ. ಕಡ್ಡಿ ಕೂತದ್ದು ಆ ಗದ್ದಲದ ನಡುವೆ. ಆಗ ಅದು ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಮನೆಯಲ್ಲಿ ಗದ್ದಲವೇ ಇರಲಿಲ್ಲ. ನಾಲ್ಕು ಬುರುಡೆ ಬಲ್ಬು. ಫ್ಯಾನಿದ್ದರೆ ಗೋಡೆಗೆ ಇಟ್ಟಿಗೆ ಗಾತ್ರದ ರೆಗ್ಯುಲೇಟರ್. ಕೈಯಿಟ್ಟರೆ ಬಿಸಿ, ಆದರೆ ರೇಡಿಯೊಗೆ ನಿರುಪದ್ರವಿ.

ಟ್ಯೂಬ್‌ಲೈಟ್ ಬಂತು. ಅದರ ಸ್ಟಾರ್ಟರ್ ಬಿಚ್ಚಿದರೆ ಗಾಜಿನ ಬುರುಡೆಯ ಪಕ್ಕದಲ್ಲಿ ಒಂದು ಪುಟ್ಟ ಕಂಡೆನ್ಸರ್ ಕಾಣುತ್ತದೆ. ಟ್ಯೂಬ್ ಹತ್ತಲು ಅದು ಬೇಕಿಲ್ಲ. ಅದು ಇರುವುದು ರೇಡಿಯೊದಲ್ಲಿ ಚರಚರ ಬಾರದಿರಲಿ ಎಂದು. ಎಷ್ಟೋ ಸಲ ಆ ಕಂಡೆನ್ಸರ್ ಶಾರ್ಟ್ ಆಗಿ, ಟ್ಯೂಬಿನ ಎರಡು ತುದಿ ಮಾತ್ರ ಕೆಂಪಗೆ ಉರಿಯುತ್ತಿತ್ತು. ಊರಿನ ಎಲೆಕ್ಟ್ರಿಷಿಯನ್ ಬಂದು ಅದನ್ನು ಕಟಕ್ ಅಂತ ಕತ್ತರಿಸಿ ಎಸೆಯುತ್ತಿದ್ದ. ಟ್ಯೂಬ್ ಝಗ್ಗನೆ ಹತ್ತುತ್ತಿತ್ತು. ಹೊಸ ಸ್ಟಾರ್ಟರಿನ ದುಡ್ಡು ಉಳಿಯಿತು ಅಂತ ಎಲ್ಲರಿಗೂ ಖುಷಿ. ನಾನೂ ಹೈಸ್ಕೂಲಿನಲ್ಲಿ ಇದನ್ನು ಕಲಿತು ಅಕ್ಕಪಕ್ಕದ ಮನೆಗಳಲ್ಲಿ ಶಹಬ್ಬಾಸ್ ಅನ್ನಿಸಿಕೊಂಡವನೇ.

ಆಮೇಲೆ ತಿರುಪಿದಷ್ಟೂ ವೇಗ ಬದಲಾಗುವ ಪುಟ್ಟ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಂತು. ಅದು ಕರೆಂಟಿನ ಅಲೆಯನ್ನು ಸೆಕೆಂಡಿಗೆ ನೂರು ಸಲ ತುಂಡರಿಸುತ್ತದೆ. ಫ್ಯಾನ್ ಎರಡರಲ್ಲಿಟ್ಟರೆ ರೇಡಿಯೊದಲ್ಲಿ ಗುಂಯ್, ಫುಲ್ ಇಟ್ಟರೆ ಸದ್ದಿಲ್ಲ. ಕಂಡೆನ್ಸರ್ ಇರುವ ಸ್ಟೆಪ್ ರೆಗ್ಯುಲೇಟರ್‌ಗಳು ಬಂದು ಈ ಕಾಟ ಕಡಿಮೆಯಾಯಿತು. ಅಷ್ಟರಲ್ಲಿ ಸಿಎಫ್‌ಎಲ್, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್ ಸಾಲುಗಟ್ಟಿ ಬಂದವು. ಇನ್ವರ್ಟರ್ ಬಂದ ಮನೆಯಲ್ಲಿ ಕರೆಂಟು ಹೋದರೂ ರೇಡಿಯೊಗೆ ನೆಮ್ಮದಿ ಇಲ್ಲ.

ಕೊನೆಗೆ ಎಲ್‌ಇಡಿ ಬಲ್ಬು. 2015ರ ಜನವರಿಯಲ್ಲಿ, ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬು ಹಂಚುವ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಯಿತು, ಈವರೆಗೆ 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾಗಿವೆ. 2014ರ ಆರಂಭದಲ್ಲಿ ಸುಮಾರು 310 ರೂಪಾಯಿ ಇದ್ದ ಸಗಟು ಖರೀದಿ ದರ ಮೂರು ವರ್ಷದೊಳಗೆ 40 ರೂಪಾಯಿಗಿಂತ ಕೆಳಗಿಳಿಯಿತು. ಮನೆಮನೆಯ ಬಿಲ್ಲು ಇಳಿಯಿತು. ಅದರ ಬಗ್ಗೆ ತಕರಾರು ಮಾಡುವವನು ನಾನಲ್ಲ.

ಈ ಬಲ್ಬಿನೊಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗುವ ಸರ್ಕಿಟ್ ಇರುತ್ತದೆ. ಆ ಲಯ ದುಪ್ಪಟ್ಟು, ಮೂರು ಪಟ್ಟು, ಹತ್ತು ಪಟ್ಟಾಗುತ್ತ ಹೋಗಿ ಮೀಡಿಯಂ ವೇವ್ ಉದ್ದಕ್ಕೂ ಹಲ್ಲುಹಲ್ಲಾಗಿ ಕೂರುತ್ತದೆ. ಮನೆಯ ವೈರಿಂಗ್ ಅದನ್ನು ಪ್ರಸಾರ ಮಾಡುತ್ತದೆ. ಎಷ್ಟೆಂದರೂ ಅದು ಆ ಫೆರೈಟ್ ಕಡ್ಡಿಗಿಂತ ಉದ್ದದ ಆಂಟೆನಾ ಅಲ್ವಾ? ಇದನ್ನು ತಡೆಯಲು ಒಂದು ಕಾಯಿಲ್, ಒಂದೆರಡು ಕಂಡೆನ್ಸರ್ ಸಾಕು, ಬೆಲೆ ಕೆಲವೇ ರೂಪಾಯಿ. ಸಂತೆಯ ಅಗ್ಗದ ಬಲ್ಬಿನಲ್ಲಿ ಮೊದಲು ಮಾಯವಾಗುವುದು ಅವೇ. ಅವಿಲ್ಲದೆಯೂ ಬಲ್ಬು ಉರಿಯುತ್ತದೆ. ನಾವು ಸ್ಟಾರ್ಟರಿನಿಂದ ಕತ್ತರಿಸಿ ಎಸೆದದ್ದನ್ನು ಈಗ ಹಾಕುವುದೇ ಇಲ್ಲ, ಅಷ್ಟೇ ವ್ಯತ್ಯಾಸ. ಇಂಥ ಗದ್ದಲಕ್ಕೆ ಮಿತಿ ಹಾಕಲೆಂದೇ ಸಿಸ್‌ಪರ್ ಎಂಬ ಅಂತಾರಾಷ್ಟ್ರೀಯ ಸಮಿತಿ 1934ರಲ್ಲೇ ಹುಟ್ಟಿತ್ತು. ಮಿತಿ ಕಾಗದದ ಮೇಲಿದೆ. ಬಲ್ಬು ಕೊಳ್ಳುವಾಗ ರೇಡಿಯೊ ಹಚ್ಚಿ ನೋಡುವವರು ಯಾರು?

ಇತ್ತ ಗದ್ದಲ ಏರಿದಂತೆ ಅತ್ತ ಮನೆಯೊಳಗೆ ಸಿಗ್ನಲ್ಲೂ ಇಳಿಯಿತು. ಹಂಚಿನ ಮನೆಯೊಳಗೆ ಸಲೀಸಾಗಿ ಬರುತ್ತಿದ್ದ ಅಲೆಗೆ ಆರ್‌ಸಿಸಿಯ ಕಬ್ಬಿಣದ ಸರಳುಗಳು ಪಂಜರದಂತೆ ಅಡ್ಡ ಬರುತ್ತವೆ. ರಾತ್ರಿ ಇನ್ನೊಂದು ತಾಪತ್ರಯ. ಹಗಲು ಅಲೆಯನ್ನು ನುಂಗುವ ವಾತಾವರಣದ ಪದರ ಕತ್ತಲಾದ ಮೇಲೆ ಮಾಯವಾಗಿ, ದೂರದೇಶದ ಸ್ಟೇಷನ್ನುಗಳು ಆಕಾಶಕ್ಕೆ ಬಡಿದು ಇಲ್ಲಿಗೆ ಬಂದು ಬೀಳುತ್ತವೆ.

ಕಾರುಗಳಲ್ಲೂ ಇದೇ ಪಾಡು. ಎಲೆಕ್ಟ್ರಿಕ್ ಮೋಟಾರಿನ ಗದ್ದಲ ತಡೆಯುವುದು ದುಬಾರಿ ಎಂದು ಕೆಲವು ಕಂಪನಿಗಳು ಎಎಂ ಅನ್ನೇ ತೆಗೆದವು. 2023ರಲ್ಲಿ ಫೋರ್ಡ್ ತೆಗೆಯಲು ಹೊರಟು, ಜನ ಗಲಾಟೆ ಮಾಡಿದ ಮೇಲೆ ಹಿಂದೆ ಸರಿಯಿತು. ನಮ್ಮಲ್ಲಿ ಆಕಾಶವಾಣಿ ಹಿಡಿದ ದಾರಿ ಡಿಆರ್‌ಎಂ, ಅಂದರೆ ಮೀಡಿಯಂ ವೇವ್‌ನಲ್ಲೇ ಡಿಜಿಟಲ್. ಬೆಂಗಳೂರು, ಧಾರವಾಡ ಸೇರಿ ಮೂವತ್ತಕ್ಕೂ ಹೆಚ್ಚು ಟ್ರಾನ್ಸ್‌ಮಿಟರ್‌ಗಳು ಅದಕ್ಕೆ ಸಜ್ಜಾಗಿವೆ, ಹಲವು ಹೊಸ ಕಾರುಗಳಲ್ಲಿ ಸೆಟ್ಟೂ ಇದೆ. ದನಿ ಸ್ವಚ್ಛ. ಗದ್ದಲ ಮಿತಿ ಮೀರಿದರೆ ಮಾತ್ರ ಗೊರಗೊರ ಅನ್ನುವುದಿಲ್ಲ, ಮಾತೇ ನಿಂತುಹೋಗುತ್ತದೆ. ಅವ್ವನ ಹತ್ತಿರ ಕಾರಿಲ್ಲ.

ಕಳೆದ ಬಾರಿ ಊರಿಗೆ ಹೋದಾಗ ಮನೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುತ್ತ ಬಂದೆ. ಅಡುಗೆಮನೆಯ ಬಲ್ಬು ಆರಿದಾಗ ಅರ್ಧ ಗದ್ದಲ ಹೋಯಿತು. ಟಿವಿ ಡಬ್ಬಿಯ ಅಡಾಪ್ಟರ್ ಕಿತ್ತಾಗ ಇನ್ನಷ್ಟು. ಮೇನ್ ಆಫ್ ಮಾಡಿದರೂ ಒಂದು ಸಣ್ಣ ಗುಂಯ್ ಉಳಿಯಿತು. ರೇಡಿಯೊ ಹಿಡಿದು ಅಂಗಳಕ್ಕೆ ಬಂದು ನಿಧಾನ ತಿರುಗಿಸಿದೆ. ಫೆರೈಟ್ ಕಡ್ಡಿಯ ತುದಿ ಯಾವ ಕಡೆ ಇರುತ್ತದೋ ಆ ಕಡೆಯದು ಅದಕ್ಕೆ ಕೇಳುವುದಿಲ್ಲ. ಸೆಟ್ಟಿನ ಪಕ್ಕೆ ಬೀದಿ ದೀಪದ ಕಡೆ ಬಂದಾಗ ಗುಂಯ್ ನಿಂತಿತು. ಅವ್ವ ಈಗ ಹೊರಗಿನ ಕಟ್ಟೆಯ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದುಕೊಂಡಿದ್ದಾಳೆ. ರೇಡಿಯೊ ಆ ಗೆರೆಗೇ ಸರಿಯಾಗಿ ಇಡಬೇಕು, ಮೊಮ್ಮಕ್ಕಳು ಮುಟ್ಟುವ ಹಾಗಿಲ್ಲ.