ಕೈಗುಣವಲ್ಲ, ಬಟ್ಟೆಯ ಗುಣ

ಟಿವಿಯಲ್ಲಿ ಸ್ನೂಕರ್ ನೋಡುವವರ ಬಾಯಲ್ಲಿ ನಾನು ಪದೇ ಪದೇ ಕೇಳುವ ಮಾತು 'ಕೈಗುಣ'. ಆಟಗಾರ ಕೋಲಿನಿಂದ ಹೊಡೆದ ಬಿಳಿ ಚೆಂಡು ಕೆಂಪು ಚೆಂಡಿಗೆ ಬಡಿದು, ಅರೆಗಳಿಗೆ ನಿಂತು, ಏನೋ ಮರೆತು ಬಂದವರ ಹಾಗೆ ಹಿಂದಕ್ಕೆ ಉರುಳತೊಡಗಿದರೆ ಸಾಕು, 'ಅಬ್ಬಾ, ಎಂಥ ಕೈಗುಣ!' ನಾಟಿ ವೈದ್ಯರಿಗೂ ಬೋರ್‌ವೆಲ್‌ಗೆ ಜಾಗ ತೋರಿಸುವವರಿಗೂ ಅಂಟಿಸುವ ಅದೇ ಪದ. ನನಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಚೆಂಡು ಹಿಂದಕ್ಕೆ ಹೊರಡುವ ಹೊತ್ತಿಗೆ ಕೈಗೂ ಅದಕ್ಕೂ ಸಂಬಂಧವೇ ಉಳಿದಿರುವುದಿಲ್ಲ. ಅದನ್ನು ಹಿಂದಕ್ಕೆ ತರುವುದು ಮೇಜಿನ ಮೇಲೆ ಹಾಸಿದ ಹಸಿರು ಉಣ್ಣೆಬಟ್ಟೆ.

ಇದನ್ನು ಕಣ್ಣಾರೆ ಕಾಣಬೇಕಾದರೆ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ಜನವರಿಯಲ್ಲಿ ನಡೆಯುವ 'ಮಾಸ್ಟರ್ಸ್' ನೋಡಬೇಕು. ಜಗತ್ತಿನ ಮೊದಲ 16 ಆಟಗಾರರಿಗಷ್ಟೇ ಆಹ್ವಾನ. ಗೆದ್ದರೆ ಕೈತುಂಬ ಹಣ. ಆದರೆ ರ‍್ಯಾಂಕಿಂಗ್ ಲೆಕ್ಕಕ್ಕೆ ಅದು ಸೇರುವುದಿಲ್ಲ. 1984ರಲ್ಲಿ, ಪಂದ್ಯಾವಳಿ ಇನ್ನೂ ವೆಂಬ್ಲಿಯಲ್ಲಿ ನಡೆಯುತ್ತಿದ್ದಾಗ, ಬಿಳಿ ಸೂಟು ತೊಟ್ಟ ಕೆನಡಾದ ಕರ್ಕ್ ಸ್ಟೀವನ್ಸ್ ಸೆಮಿಫೈನಲ್ಲಿನಲ್ಲಿ 147 ಹೊಡೆದರು, ಅಂದರೆ ಒಂದೇ ಸರದಿಯಲ್ಲಿ ಸಾಮಾನ್ಯವಾಗಿ ಗಳಿಸಬಹುದಾದ ಗರಿಷ್ಠ ಅಂಕ. 15 ಕೆಂಪು, ಪ್ರತಿ ಕೆಂಪಿನ ಬೆನ್ನಿಗೊಂದು ಕಪ್ಪು, ಕೊನೆಗೆ ಆರು ಬಣ್ಣ: ಒಟ್ಟು 36 ಪಾಟ್, ಅಂದರೆ ಚೆಂಡನ್ನು ಮೇಜಿನ ಕಿಂಡಿಗೆ ಬೀಳಿಸಿದ ಹೊಡೆತ. (ಪಂದ್ಯ ಗೆದ್ದದ್ದು ಮಾತ್ರ ಎದುರಾಳಿ ಜಿಮ್ಮಿ ವೈಟ್!) ಜನ ಎಣಿಸುವುದು ಆ 36 ಚೆಂಡುಗಳನ್ನು. ಬಿಳಿ ಚೆಂಡನ್ನು ಮುಂದಿನ ಹೊಡೆತಕ್ಕೆ ಅನುಕೂಲವಾಗುವಂತೆ 35 ಸಲ ನಿಲ್ಲಿಸಿದ್ದನ್ನು ಯಾರೂ ಎಣಿಸುವುದಿಲ್ಲ. ನಿಜವಾದ ಆಟ ಇರುವುದೇ ಅಲ್ಲಿ.

ಕೇರಂ ಆಡಿ ಬೆಳೆದ ನಮಗೆ ಇದು ಚಟ್ಟನೆ ಹೊಳೆಯುವುದಿಲ್ಲ. ಸ್ಟ್ರೈಕರ್ ಬರೀ ಜಾರುತ್ತದೆ. ಬೋರಿಕ್ ಪೌಡರ್ ಉದುರಿಸುವುದೇ ಅದಕ್ಕೆ. ಚೆಂಡು ಹಾಗಲ್ಲ, ಅದಕ್ಕೆ ಬ್ಯಾಂಕಿನಲ್ಲಿ ಎರಡು ಖಾತೆ. ಒಂದು ಮುಂದಕ್ಕೆ ಸಾಗುವ ವೇಗದ್ದು, ಇನ್ನೊಂದು ತನ್ನ ಸುತ್ತ ತಾನೇ ತಿರುಗುವುದರದ್ದು. ಬಿಳಿ ಚೆಂಡು ಕೆಂಪಿಗೆ ನೇರವಾಗಿ ಬಡಿದಾಗ ಮೊದಲ ಖಾತೆ ಹೆಚ್ಚುಕಡಿಮೆ ಪೂರ್ತಿ ಕೆಂಪಿಗೆ ವರ್ಗವಾಗುತ್ತದೆ. ಎರಡರ ತೂಕವೂ ಸರಿಸಮ ಇದ್ದರೆ ಮಾತ್ರ ಇದು ಸಾಧ್ಯ. ಒಂದು ಸೆಟ್ಟಿನ ಚೆಂಡುಗಳ ನಡುವೆ 3 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರಕೂಡದೆಂದು ನಿಯಮವಿರುವುದು ಸುಮ್ಮನೆ ಅಲ್ಲ. ಎರಡನೆಯ ಖಾತೆಗೆ ಕೆಂಪು ಚೆಂಡು ಕೈ ಹಾಕಲಾರದು. ಎರಡೂ ನುಣುಪು, ಬಡಿದದ್ದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಹಾಗಾಗಿ ಬಿಳಿ ಚೆಂಡು ನಿಂತಲ್ಲೇ ಗಿರಗಿರ ತಿರುಗುತ್ತಿರುತ್ತದೆ. ಆಗ ಬಟ್ಟೆ ಅದರ ತಳವನ್ನು ಹಿಡಿಯುತ್ತದೆ.

ಚಿಕ್ಕಂದಿನಲ್ಲಿ ಹಳೇ ಸೈಕಲ್ ಟೈರನ್ನು ಹಿಮ್ಮುಖವಾಗಿ ತಿರುಗಿಸಿ ಮುಂದಕ್ಕೆ ಎಸೆದದ್ದು ನೆನಪಿದೆಯೇ? ಸ್ವಲ್ಪ ದೂರ ಹೋಗಿ, ನೆಲ ಕಚ್ಚಿ, ಸಾಕಿದ ನಾಯಿಯ ಹಾಗೆ ವಾಪಸು ಬರುತ್ತಿತ್ತು. ಕೆಸರಿನಲ್ಲಿ ಹೂತ ಸ್ಕೂಟರಿನ ಚಕ್ರ ಇದ್ದಲ್ಲೇ ಸುತ್ತುತ್ತದೆ, ಅಡಿಯಲ್ಲೊಂದು ಕಲ್ಲು ಸಿಕ್ಕಿತೋ, ಚಂಗನೆ ಹೊರಬರುತ್ತದೆ. ಮೊದಲೇ ಕೂಡಿಟ್ಟ ತಿರುಗಾಟವನ್ನು ನೆಲದ ಉಜ್ಜಾಟ ಚಲನೆಗೆ ತಿರುಗಿಸುತ್ತದೆ, ಅಷ್ಟೇ. ಕ್ಯೂ ಕೋಲಿನಿಂದ ಚೆಂಡಿನ ನಡುಮಟ್ಟಕ್ಕಿಂತ ಕೆಳಗೆ ಹೊಡೆದರೆ ಹಿಮ್ಮುಖ ತಿರುಗು, ಅಂದರೆ ಸ್ಕ್ರೂ. ಬಡಿಯುವ ಹೊತ್ತಿಗೆ ತಿರುಗು ಶೂನ್ಯವಾಗಿದ್ದರೆ ಚೆಂಡು ಅಲ್ಲೇ ಟಕ್ಕನೆ ನಿಲ್ಲುತ್ತದೆ, ಅದು ಸ್ಟನ್.

ನನಗೆ ಇದರಲ್ಲಿ ಹುಚ್ಚು ಹಿಡಿಸಿದ ಸಂಖ್ಯೆ 5/7. ಚೆಂಡಿನ ನಟ್ಟನಡುವೆ ಹೊಡೆದರೆ ಅದು ಮೊದಲು ಕೇರಂ ಸ್ಟ್ರೈಕರಿನಂತೆ ಜಾರುತ್ತದೆ. ಉಜ್ಜಾಟ ವೇಗವನ್ನು ತಿನ್ನುತ್ತಾ ತಿರುಗನ್ನು ಬೆಳೆಸುತ್ತದೆ. ವೇಗ ಮೊದಲಿನ 5/7 ಪಾಲಿಗೆ ಇಳಿದ ಕ್ಷಣ ಜಾರಾಟ ಮುಗಿದು ಉರುಳಾಟ ಶುರು. ಬಟ್ಟೆ ಒರಟಾಗಿದ್ದರೆ ಬೇಗ, ನುಣುಪಾಗಿದ್ದರೆ ತಡ. ಪಾಲು ಮಾತ್ರ ಅದೇ 5/7. ಉಳಿದ 2/7 ಕೂಡ ಕಣ್ಣಿಗೆ ಬೀಳುತ್ತದೆ: ಉರುಳುತ್ತಲೇ ಬಂದು ನೇರ ಬಡಿದ ಬಿಳಿ ಚೆಂಡು ಒಂದು ಕ್ಷಣ ನಿಂತು, ಆಮೇಲೆ ತನ್ನ ಹಳೆಯ ವೇಗದ 2/7ರಷ್ಟರಲ್ಲಿ ಕೆಂಪಿನ ಬೆನ್ನು ಹತ್ತುತ್ತದೆ. ಮೇಜು ಲಂಡನ್ನಿನಲ್ಲಿರಲಿ, ಬೆಂಗಳೂರಿನ ಕ್ಲಬ್ಬಿನಲ್ಲಿರಲಿ, ಇದು ಬದಲಾಗದು.

ಇದೆಲ್ಲ ಹೊಸ ಜ್ಞಾನವೂ ಅಲ್ಲ. ಚಂಡಮಾರುತ ಸುಳಿಯುವ ದಿಕ್ಕಿನ ಪಾಠದಲ್ಲಿ ನಾವು ಹೆಸರು ಕೇಳುವ ಫ್ರಾನ್ಸಿನ ಕೊರಿಯೊಲಿಸ್, 1835ರಲ್ಲೇ ಬಿಲಿಯರ್ಡ್ಸ್ ಚೆಂಡುಗಳ ಗಣಿತದ ಮೇಲೆ ಒಂದು ಇಡೀ ಪುಸ್ತಕ ಬರೆದಿದ್ದರು. ಆಗ ಸ್ನೂಕರ್ ಹುಟ್ಟಿಯೇ ಇರಲಿಲ್ಲ. ಅದು ಹುಟ್ಟಿದ್ದು 1875ರಲ್ಲಿ, ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲೇನ್ ತಲೆಯಲ್ಲಿ (ಮುಂದೆ ಪ್ರಧಾನಿಯಾದವರು ಬೇರೆ). ನಿಯಮಗಳು ಹದಕ್ಕೆ ಬಂದದ್ದು ಗುಂಡ್ಲುಪೇಟೆ ದಾಟಿದರೆ ಸಿಗುವ ನಮ್ಮ ನೆರೆಯ ಊಟಿಯ ಕ್ಲಬ್ಬಿನಲ್ಲಿ.

ಕೈಗೆ ಕೆಲಸವೇ ಇಲ್ಲವೆನ್ನುತ್ತಿಲ್ಲ. ಸ್ಕ್ರೂ ಹೊಡೆತದಲ್ಲಿ ಬಟ್ಟೆ ಕೊಡುವ ಕೈಯೂ ಹೌದು, ಕಸಿಯುವ ಕೈಯೂ ಹೌದು. ಕೆಂಪು ದೂರವಿದ್ದಷ್ಟೂ ದಾರಿಯಲ್ಲೇ ಹಿಮ್ಮುಖ ತಿರುಗು ಸವೆಯುತ್ತದೆ. ಒಂದೇ ಹೊಡೆತ ಹತ್ತಿರದಲ್ಲಿ ಸ್ಕ್ರೂ, ಇನ್ನಷ್ಟು ದೂರದಲ್ಲಿ ಸ್ಟನ್, ಅದಕ್ಕೂ ದೂರದಲ್ಲಿ ಬರೀ ಉರುಳು ಚೆಂಡು. ಎಷ್ಟು ಸವೆದೀತು ಎಂದು ಹೊಡೆಯುವ ಮೊದಲೇ ಅಂದಾಜಿಸಬೇಕು. ಸಾವಿರಾರು ಗಂಟೆ ಅದೇ ಮಾಡಿದವರಿಗೆ ಇದು ಬರುತ್ತದೆ, ಹುಟ್ಟಿದ ನಕ್ಷತ್ರದಿಂದಲ್ಲ.

1975ರ ಮೊದಲ ಮಾಸ್ಟರ್ಸ್ ಫೈನಲ್ಲಿನಲ್ಲಿ ಜಾನ್ ಸ್ಪೆನ್ಸರ್ ಮತ್ತು ರೇ ರಿಯರ್ಡನ್ 8–8ರಲ್ಲಿ ಸಮ. ಕೊನೆಯ ಫ್ರೇಮಿನ (ಸುತ್ತಿನ) ಅಂಕಗಳೂ ಸಮವಾಗಿ ಕಪ್ಪು ಚೆಂಡನ್ನು ಮತ್ತೆ ಅದರ ಜಾಗದಲ್ಲಿಟ್ಟರು. ಬಿಳಿ ಚೆಂಡನ್ನು ಇಡುವ ಬಾಕ್ ಗೆರೆಯಿಂದ ಅಲ್ಲಿಗೆ ಸುಮಾರು ಎರಡೂವರೆ ಮೀಟರ್. ಅಷ್ಟು ಉದ್ದ ಬಟ್ಟೆಯ ಮೇಲೆ ಮೆಲ್ಲಗೆ ಕಳಿಸಿದ ಚೆಂಡಿನಲ್ಲಿ ಹಿಮ್ಮುಖ ತಿರುಗು ಚೂರೂ ಉಳಿದಿರುವುದಿಲ್ಲ. ಜೋರಾಗಿ ಕಳಿಸಿದರೆ ಗುರಿ ತಪ್ಪುವ ಭಯ. ಆ ಒಂದು ಕಪ್ಪು ಸ್ಪೆನ್ಸರ್ ಪಾಲಾಯಿತು, 9–8.