ಹುಡುಗ ಆರಾಮಾಗಿದ್ದಾನೆ, ಸೂಜಿ ಯಾಕೆ?

"ಹುಡುಗ ಆರಾಮ ಅದಾನ್ರೀ ಸರ, ಮತ್ತ ಸೂಜಿ ಯಾಕ್ರೀ?" ರಾಯಚೂರು, ಯಾದಗಿರಿ ಕಡೆಯ ತಾಯಂದಿರಿಗೆ ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಇನ್ನೊಮ್ಮೆ ಹೇಳುತ್ತೇನೆ.

ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದ ಕೀಲುನೋವು ಕೆಲವೇ ವಾರಗಳಲ್ಲಿ ಹೋಗುತ್ತದೆ. ಹೃದಯದ ಕವಾಟಕ್ಕೆ ಆದ ಪೆಟ್ಟು ಹಲವರಲ್ಲಿ ಉಳಿದುಬಿಡುತ್ತದೆ. ಮೂರು ವಾರಕ್ಕೊಮ್ಮೆ ಚುಚ್ಚುವ ಬೆಂಜಥೀನ್ ಪೆನಿಸಿಲಿನ್ ಆ ಪೆಟ್ಟಿಗೆ ಮದ್ದಲ್ಲ! ಅದು ಮುಂದೆ ಬರಬಹುದಾದ ಗಂಟಲುನೋವಿಗೆ ಹಾಕಿದ ಬೇಲಿ. ಆ ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಮತ್ತೆ ಗಂಟಲಿಗೆ ಹತ್ತಿದರೆ, ಅದನ್ನು ಕೊಲ್ಲಹೊರಟ ನಮ್ಮದೇ ರೋಗನಿರೋಧಕ ಶಕ್ತಿ ಕವಾಟದ ಮೇಲೂ ತಿರುಗಿಬೀಳಬಹುದು. ಹೀಗೆ ಜ್ವರ ಮರುಕಳಿಸಿದಷ್ಟೂ ಕವಾಟ ದಪ್ಪಗಾಗುತ್ತದೆ, ಅಂಚುಗಳು ಅಂಟಿಕೊಳ್ಳುತ್ತವೆ. ಹುಡುಗ ಆರಾಮಾಗಿರುವಾಗಲೇ ಸೂಜಿ ಬೇಕಾಗಿರುವುದು ಇದಕ್ಕೇ. ನಾಲ್ಕನೇ ವಾರಕ್ಕೆ ರಕ್ತದಲ್ಲಿ ಔಷಧಿ ಇಳಿದುಹೋಗಿರುತ್ತದೆ. "ಜಾತ್ರಿ ಮುಗಿಸಿ ಬಂದೇವ್ರೀ" ಅಂದರೆ ಸ್ಟ್ರೆಪ್ಟೊಕಾಕಸ್ ಕಾಯುವುದಿಲ್ಲ.

ಉಗಾಂಡಾದಲ್ಲಿ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಮಾತ್ರ ಕಾಣುವಷ್ಟು ಸಣ್ಣ ದೋಷವಿದ್ದ 818 ಮಕ್ಕಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ಸೂಜಿ ಇಲ್ಲದವರಲ್ಲಿ ಶೇ. 8.2 ಮಕ್ಕಳ ಕಾಯಿಲೆ ಮುಂದುವರಿದರೆ, ಸೂಜಿ ಪಡೆದವರಲ್ಲಿ ಶೇ. 0.8 ಮಾತ್ರ.

ಜ್ವರ ಹೃದಯಕ್ಕೆ ತಾಕಿದ್ದರೆ ಸಾಮಾನ್ಯವಾಗಿ ಕನಿಷ್ಠ 10 ವರ್ಷ ಸೂಜಿ ಬೇಕು. ಅಂಟಿಕೊಂಡ ಕವಾಟಕ್ಕೆ ಬಲೂನ್ ಚಿಕಿತ್ಸೆ ಮಾಡಿಸಿಕೊಂಡವರೂ ನಿಲ್ಲಿಸುವಂತಿಲ್ಲ. ಬಲೂನ್ ಕವಾಟವನ್ನು ಬಿಡಿಸುತ್ತದೆ, ಗಂಟಲನ್ನಲ್ಲ. ಕವಾಟ ತೀರಾ ಹಾಳಾದ ಕೆಲವರಿಗೆ ಸೂಜಿಗಿಂತ ಮಾತ್ರೆಯೇ ಕ್ಷೇಮ. ಅದನ್ನು ನಿಮ್ಮ ವೈದ್ಯರು ನಿರ್ಧರಿಸಲಿ, ಪಕ್ಕದ ಮನೆಯವರಲ್ಲ.

ನೋವಂತೂ ನಿಜ. ಬಿಳಿ ಪುಡಿಗೆ ನೀರು ಬೆರೆಸಿದರೆ ಗಟ್ಟಿ ಹಾಲಿನಂತಾಗುತ್ತದೆ, ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ನಮ್ಮ ಸಿಸ್ಟರ್ ಒಬ್ಬರು ಸೀಸೆಯನ್ನು ಅಂಗೈಗಳ ನಡುವೆ ಉರುಳಿಸಿ ಬಿಸಿ ಮಾಡಿ, ಶಾಲೆಯ ಸುದ್ದಿ ಕೇಳುತ್ತಾ ನಿಧಾನವಾಗಿ ಚುಚ್ಚುತ್ತಾರೆ. ಮಕ್ಕಳು ಅವರ ಡ್ಯೂಟಿ ಯಾವಾಗ ಅಂತ ಕೇಳಿಕೊಂಡು ಬರುತ್ತಾರೆ. ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ.

ನನಗೆ ನಿಜಕ್ಕೂ ಚಿಂತೆ ಗುಳೆ ಹೋಗುವವರದ್ದು. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಅಪ್ಪ-ಅವ್ವ ಹೊರಟರೆ ಮಗುವೂ ಹೊರಡುತ್ತದೆ, ಸೂಜಿಯ ಲೆಕ್ಕ ಬರೆದ ಕಾರ್ಡು ಊರಲ್ಲೇ ಉಳಿಯುತ್ತದೆ. ಹೊರಡುವ ಮುಂಚೆ ಒಂದು ಮಾತು ಹೇಳಿ. ಮುಂದಿನ ಸೂಜಿಯ ತಾರೀಖು, ಡೋಸ್ ಎಲ್ಲ ಬರೆದ ಚೀಟಿ ಕೊಡುತ್ತೇವೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಚೀಟಿಯ ಫೋಟೊ ಮೊಬೈಲಿನಲ್ಲೂ ಇರಲಿ.